ಮೋಟಾರ್ ಎತ್ತಿಸುವ ಮೊದಲು: ಊರಿನ ಟ್ಯಾಂಕ್ ಯಾಕೆ ತುಂಬುತ್ತಿಲ್ಲ ಎಂದು ಹುಡುಕುವ ಬಗೆ

ಹಳ್ಳಿಯಲ್ಲಿ ನೀರು ಕಡಿಮೆಯಾದರೆ ಮೊದಲು ಬೈಸಿಕೊಳ್ಳುವವರು ಊರಿಗೆ ನೀರು ಬಿಡುವ ನೀರುಗಂಟಿ. ಆಮೇಲೆ ಬೈಸಿಕೊಳ್ಳುವುದು ಬೋರಿನೊಳಗಿನ ಮೋಟಾರ್. ಸಂಜೆಯೊಳಗೆ "ಮೋಟ್ರು ಎತ್ತಿಸ್ಬೇಕು" ಅಂತ ತೀರ್ಮಾನ ಆಗಿಬಿಡುತ್ತದೆ. ಮಾರನೇ ದಿನ ಗಾಡಿ ಬರುತ್ತದೆ. ನಾನೂರು ಅಡಿ ಪೈಪು ಒಂದೊಂದಾಗಿ ಮೇಲೆ ಬರುತ್ತದೆ. ಕೊನೆಗೆ ನೋಡಿದರೆ ಮೋಟಾರ್ ಚೆನ್ನಾಗಿಯೇ ಇರುತ್ತದೆ. ಹೇಗೂ ಎತ್ತಿದ್ದಾಯ್ತಲ್ಲ, ಸುಮ್ನೆ ಯಾಕೆ ಬಿಡೋದು ಅಂತ ರಿವೈಂಡಿಂಗ್‌ಗೂ (ಒಳಗಿನ ತಂತಿ ಹೊಸದಾಗಿ ಸುತ್ತಿಸಲು) ಕೊಡುತ್ತಾರೆ. ಬಿಲ್ ಪಂಚಾಯಿತಿಗೆ. ಟ್ಯಾಂಕ್ ಮಾತ್ರ ಹಿಂದಿನಂತೆಯೇ ಅರ್ಧ.

ತುಮಕೂರು ಜಿಲ್ಲೆಯ ಬಯಲು ಭಾಗದ ಪಂಚಾಯಿತಿಗಳಲ್ಲಿ ನೀರುಗಂಟಿಗಳ ಜೊತೆ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಇದನ್ನು ಬರೆಯುತ್ತಿರುವುದು ಅವರಿಗೆ. ನೀರು ಸಮಿತಿಯವರು, ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಓದಿದರೂ ಉಪಯೋಗವಾದೀತು. ಬೇಕಾಗುವ ಸಾಮಾನು ಜಾಸ್ತಿ ಇಲ್ಲ: 200 ಲೀಟರ್ ಡ್ರಮ್, ಮೊಬೈಲಿನ ಗಡಿಯಾರ, ಒಂದು ಟೇಪು, ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು, ಒಂದು ಪ್ರೆಶರ್ ಗೇಜು, ಒಂದು ನೋಟ್‌ಬುಕ್ಕು. ಗೇಜು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಊರಲ್ಲೇ ಸಿಗುತ್ತದೆ.

ಮೊದಲು ಕೇಳಿ

"ನೀರು ಬರ್ತಿಲ್ಲ" ಅನ್ನುವುದು ಒಂದೇ ದೂರಲ್ಲ. ಯಾರಿಗೆ ಬರುತ್ತಿಲ್ಲ? ಇಡೀ ಊರಿಗೋ, ಒಂದು ಬೀದಿಗೋ, ಒಂದು ಮನೆಗೋ? ಒಂದೇ ಮನೆ ಆದರೆ ಆ ಮನೆಯ ನಲ್ಲಿ ನೋಡಿ, ಬೇರೆ ಎಲ್ಲೂ ಹೋಗಬೇಡಿ. ಒಂದು ಬೀದಿ ಆದರೆ ವಾಲ್ವ್ ಮತ್ತು ಬೀದಿಯ ಪೈಪು. ಇಡೀ ಊರಿಗೆ ಕಡಿಮೆ ಅಂದರೆ ಮಾತ್ರ ಟ್ಯಾಂಕ್ ಮತ್ತು ಬೋರ್ ಕಡೆ ನಡೆಯಿರಿ.

ಎರಡನೇ ಪ್ರಶ್ನೆ, ಯಾವಾಗಿಂದ? ನಿನ್ನೆಯಿಂದ ತಟ್ಟನೆ ನಿಂತಿದ್ದರೆ ಕರೆಂಟು, ಸ್ಟಾರ್ಟರ್ ಅಥವಾ ಒಡೆದ ಪೈಪು. ಮೂರು ತಿಂಗಳಿಂದ ನಿಧಾನಕ್ಕೆ ಇಳಿಯುತ್ತಾ ಬಂದಿದ್ದರೆ ಬೋರಿನ ನೀರಿನ ಮಟ್ಟ, ಸವೆದ ಪಂಪು, ಇಲ್ಲವೇ ನೆಲದೊಳಗಿನ ಸೋರಿಕೆ. ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ಬದಲಾಯಿಸಿ ಹೋದ ಮೇಲೆ ಶುರುವಾಯಿತು ಅಂದರೆ ಅದಕ್ಕೆ ಬೇರೆಯೇ ಕಾರಣ ಇರುತ್ತದೆ, ಮುಂದೆ ಹೇಳುತ್ತೇನೆ. ಈ ಎರಡು ಪ್ರಶ್ನೆಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂತು ಕೇಳಬೇಡಿ. ನಲ್ಲಿಯ ಹತ್ತಿರ ನಿಂತಿರುವ ಹೆಂಗಸರನ್ನು ಕೇಳಿ. ಎಷ್ಟು ಕೊಡ ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ, ಎಷ್ಟು ಹೊತ್ತು ಬಿಡುತ್ತಾರೆ ಅಂತ ಅವರು ಹೇಳುವ ಲೆಕ್ಕ ಯಾವ ಮೀಟರಿಗೂ ಕಡಿಮೆ ಇಲ್ಲ.

ಎರಡು ಅಳತೆ, ಒಂದು ಕಳವು

ಒಂದು ಊರಿನ ಕತೆ ಹೇಳಿದರೆ ಇದು ಬೇಗ ಅರ್ಥವಾಗುತ್ತದೆ. ಸುಮಾರು 180 ಮನೆ. 50,000 ಲೀಟರ್ ಓವರ್‌ಹೆಡ್ ಟ್ಯಾಂಕ್. ಬೋರು ಊರಾಚೆ ಹೊಲದ ನಡುವೆ, ಪಂಪ್‌ಸೆಟ್ ಲೈನಿನಲ್ಲಿ. ಹಾಗಾಗಿ ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆ ಮಾತ್ರ. 7.5 ಎಚ್‌ಪಿ ಮೋಟಾರ್. ಮೊದಲೆಲ್ಲ ಆ 7 ಗಂಟೆಯಲ್ಲಿ ಟ್ಯಾಂಕ್ ತುಂಬಿ ಚೆಲ್ಲುತ್ತಿತ್ತಂತೆ. ನಾನು ಹೋದ ಏಪ್ರಿಲ್‌ನಲ್ಲಿ ಮುಕ್ಕಾಲೂ ಆಗುತ್ತಿರಲಿಲ್ಲ.

"ಬೋರ್ ಕೊರ್ದಾಗ ಮೂರಿಂಚು ನೀರಿತ್ತು ಸಾ. ಈಗ ಎರಡಿಂಚೂ ಇಲ್ಲ. ಮೋಟ್ರು ಎತ್ಬುಟ್ಟು ಹತ್ತು ಎಚ್‌ಪಿ ಬಿಡ್ಸಿ" ಅಂದರು ನೀರುಗಂಟಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಇಪ್ಪತ್ತು ವರ್ಷದಿಂದ ಅದೇ ಕೆಲಸ.

ಈ ಇಂಚಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಬೋರ್ ಕೊರೆದ ದಿನ ವಿ ಆಕಾರದ ಕಚ್ಚು ಇರುವ ತಗಡಿನ ಪೆಟ್ಟಿಗೆಯಲ್ಲಿ ನೀರು ಹಾಯಿಸಿ, ಕಚ್ಚಿನಲ್ಲಿ ಎಷ್ಟು ಇಂಚು ಎತ್ತರಕ್ಕೆ ಹರಿಯಿತು ಅಂತ ನೋಡುತ್ತಾರೆ. 90 ಡಿಗ್ರಿ ಕಚ್ಚಿನಲ್ಲಿ ಎರಡಿಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್. ಮೂರಿಂಚು ಅಂದರೆ ಸುಮಾರು 8,000. ನಾಲ್ಕಿಂಚು ಅಂದರೆ 16,000 ದಾಟುತ್ತದೆ. ಇಂಚು ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ. ಆದ್ದರಿಂದ "ಒಂದಿಂಚು ಕಡಿಮೆಯಾಗಿದೆ" ಅನ್ನುವುದು ಸಣ್ಣ ಮಾತಲ್ಲ. ಪೈಪಿನ ಬಾಯಿಯನ್ನು ಕಣ್ಣಲ್ಲಿ ನೋಡಿ ಹೇಳುವ ಮಾತೂ ಅಲ್ಲ.

ಅದಕ್ಕೇ ಅಳೆದೆವು. ಬೋರಿನ ಬಾಯಿಯಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ), ಅದಕ್ಕೊಂದು ಗೇಟ್‌ವಾಲ್ವ್ ಇತ್ತು. ಮೋಟಾರ್ ಹಾಕಿ ಕಾಲು ಗಂಟೆ ಬಿಟ್ಟು ಆ ವಾಲ್ವ್ ತೆರೆದು, ಟ್ಯಾಂಕಿಗೆ ಹೋಗುವುದನ್ನು ಮುಚ್ಚಿ, ಡ್ರಮ್ಮಿಗೆ ಬಿಟ್ಟೆವು. ಈ ಕ್ರಮ ನೆನಪಿಡಿ: ಮೊದಲು ಒಂದನ್ನು ತೆರೆದು, ಆಮೇಲೆ ಇನ್ನೊಂದನ್ನು ಮುಚ್ಚಬೇಕು. ಎರಡೂ ಮುಚ್ಚಿದ್ದಾಗ ಮೋಟಾರ್ ಓಡಿದರೆ ಪೈಪಿನ ಜಾಯಿಂಟು ಹಾರುತ್ತದೆ. 200 ಲೀಟರ್ ತುಂಬಲು 90 ಸೆಕೆಂಡು. ಮೂರು ಸಲ ಮಾಡಿದರೂ ಒಂದೆರಡು ಸೆಕೆಂಡು ಆಚೀಚೆ ಅಷ್ಟೇ. ಗಂಟೆಗೆ 8,000 ಲೀಟರ್. ಅಂದರೆ ಕೊರೆದಾಗಿನ ಮೂರಿಂಚು ಹಾಗೇ ಇದೆ!

ಇನ್ನು ಟ್ಯಾಂಕು. ಗುಂಡಗಿನ ಟ್ಯಾಂಕಿಗೆ ಸುಲಭದ ಲೆಕ್ಕ ಇದೆ. ಒಳಗಿನ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 7.85ರಿಂದ ಗುಣಿಸಿ. ಒಂದು ಸೆಂಟಿಮೀಟರ್ ನೀರು ಏರಿದರೆ ಎಷ್ಟು ಲೀಟರ್ ಅಂತ ಬರುತ್ತದೆ. ನಮ್ಮದು 5 ಮೀಟರ್. 5 × 5 × 7.85, ಸುಮಾರು 196 ಲೀಟರ್. ಈ ಅಂಕಿಯನ್ನು ಟ್ಯಾಂಕಿನ ಕಂಬದ ಮೇಲೆ ಪೇಂಟಿನಲ್ಲಿ ಬರೆದಿಡಿ. ದಿನಾ ಬೇಕಾಗುತ್ತದೆ.

ಹತ್ತುವ ಮೊದಲು ಏಣಿಯ ಕಂಬಿಗಳನ್ನು ಒಂದೊಂದಾಗಿ ಒದ್ದು ನೋಡಿ. ಹಳೇ ಟ್ಯಾಂಕುಗಳಲ್ಲಿ ಕಂಬಿ ಗೋಡೆ ಸೇರುವ ಜಾಗದಲ್ಲೇ ತುಕ್ಕು ತಿಂದಿರುತ್ತದೆ, ಮೇಲಿನ ಬಣ್ಣ ಮಾತ್ರ ಗಟ್ಟಿ. ಕೆಳಗೆ ಒಬ್ಬರು ಇರಲೇಬೇಕು.

ಮೊದಲು ಮೋಟಾರ್ ನಿಲ್ಲಿಸಿ, ಊರಿಗೆ ಹೋಗುವ ವಾಲ್ವ್ ಮುಚ್ಚಿ, ಟೇಪಿಗೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು ಅರ್ಧ ಗಂಟೆ ಕಾದೆವು. ನೀರು ಇಳಿಯಲಿಲ್ಲ. ಅಂದರೆ ಟ್ಯಾಂಕ್ ಸೋರುತ್ತಿಲ್ಲ, ವಾಲ್ವ್ ನಿಜಕ್ಕೂ ಮುಚ್ಚುತ್ತದೆ. ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ಆಮೇಲೆ ಮೋಟಾರ್ ಹಾಕಿಸಿ ಅರ್ಧ ಗಂಟೆ ನೋಡಿದೆವು. 12 ಸೆಂಟಿಮೀಟರ್ ಏರಿತು. ಗಂಟೆಗೆ ಸುಮಾರು 4,700 ಲೀಟರ್.

ಬೋರು ಕೊಟ್ಟಿದ್ದು 8,000, ಟ್ಯಾಂಕ್ ಸೇರಿದ್ದು 4,700. ಇಲ್ಲೊಂದು ವಿಷಯ ಗಮನಿಸಿ. ಬೋರಿನ ಬಾಯಲ್ಲಿ ನೀರು ಸಲೀಸಾಗಿ ಚೆಲ್ಲುತ್ತದೆ. ಟ್ಯಾಂಕಿಗೆ ಇನ್ನೂ ಮೇಲಕ್ಕೆ ಏರಬೇಕು, ಆದ್ದರಿಂದ ಪಂಪು ಅಷ್ಟೇ ನೀರು ಕೊಡುವುದಿಲ್ಲ. ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಬಿಟ್ಟರೂ 7,200 ಬರಬೇಕಿತ್ತು. ಗಂಟೆಗೆ 2,500 ಲೀಟರ್ ದಾರಿಯಲ್ಲಿ ಕಾಣೆ. 7 ಗಂಟೆಗೆ 17,500. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ 300 ಜನರ ನೀರು.

ಈಗ 10 ಎಚ್‌ಪಿ ಬಿಟ್ಟಿದ್ದರೆ ಏನಾಗುತ್ತಿತ್ತು? ಅದೇ ತೂತಿನಿಂದ ಇನ್ನೂ ಜೋರಾಗಿ ಸೋರುತ್ತಿತ್ತು, ಕರೆಂಟು ಬಿಲ್ ಏರುತ್ತಿತ್ತು, ಬೋರು ಬೇಗ ಬತ್ತುತ್ತಿತ್ತು.

ಗೇಜು ತೋರಿಸಿದ ಜಾಗ

ಬೋರಿನಿಂದ ಟ್ಯಾಂಕಿಗೆ ಒಂದು ಕಿಲೋಮೀಟರಿಗಿಂತ ಜಾಸ್ತಿ ಪೈಪು. ಎಲ್ಲಿ ಅಗೆಯುವುದು? ಇಲ್ಲಿ ಪ್ರೆಶರ್ ಗೇಜು ಕೆಲಸಕ್ಕೆ ಬಂತು. ಅದನ್ನು ಬೋರಿನ ಬಾಯಲ್ಲಿ, ನಾನ್ ರಿಟರ್ನ್ ವಾಲ್ವ್ ದಾಟಿದ ಮೇಲೆ ಕೂರಿಸಿದೆವು. ಮೋಟಾರ್ ನಿಂತ ಮೇಲೂ ಆ ವಾಲ್ವ್ ನೀರನ್ನು ಹಿಂದಕ್ಕೆ ಬಿಡುವುದಿಲ್ಲ. ಪೈಪು ಸರಿಯಾಗಿದ್ದರೆ ಟ್ಯಾಂಕಿನ ತಲೆಯವರೆಗೆ ನೀರು ಹಾಗೇ ನಿಂತಿರಬೇಕು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಕೆಜಿ ಪ್ರೆಶರ್ ಅಂತ ಲೆಕ್ಕ. ನಮ್ಮ ಟ್ಯಾಂಕಿನ ತಲೆ ಬೋರಿಗಿಂತ ಸುಮಾರು 20 ಮೀಟರ್ ಮೇಲೆ. ಮೋಟಾರ್ ನಿಲ್ಲಿಸಿದ ಕ್ಷಣ ಗೇಜು 2 ತೋರಿಸಿತು. ಆಮೇಲೆ ಮುಳ್ಳು ಇಳಿಯಲು ಶುರು. ಒಂದೂವರೆ, ಒಂದು, ಮುಕ್ಕಾಲು. ಅರ್ಧಕ್ಕೆ ಬಂದು ನಿಂತಿತು. ಹತ್ತು ನಿಮಿಷ ನೋಡಿದರೂ ಅಲ್ಲೇ.

ನಿಂತಿದ್ದೇ ಸುಳಿವು. ಸೋರಿಕೆಗಿಂತ ಮೇಲಿರುವ ನೀರೆಲ್ಲ ಆ ತೂತಿನಿಂದ ಹೊರಗೆ ಹೋಗಿದೆ. ಅದಕ್ಕಿಂತ ಕೆಳಗಿರುವುದು ಪೈಪಿನಲ್ಲೇ ಉಳಿದಿದೆ. ಅರ್ಧ ಕೆಜಿ ಅಂದರೆ 5 ಮೀಟರ್. ಹಾಗಾದರೆ ತೂತು ಇರುವುದು ಬೋರಿಗಿಂತ ಸುಮಾರು 5 ಮೀಟರ್ ಎತ್ತರದ ನೆಲದಲ್ಲಿ. ಪೈಪು ಹೊಲದಿಂದ ಊರಿನ ಕಡೆ ಏರುತ್ತಲೇ ಹೋಗುವುದರಿಂದ ಈ ಲೆಕ್ಕ ಹಿಡಿಯಿತು. ನಡುವೆ ಹಳ್ಳ ದಿಣ್ಣೆ ಇದ್ದರೆ ಇಷ್ಟು ಸಲೀಸಾಗಿ ಹೇಳಲಾಗುವುದಿಲ್ಲ. ಮುಳ್ಳು ಪೂರ್ತಿ ಸೊನ್ನೆಗೆ ಬಂದರೆ ಎರಡು ಸಾಧ್ಯತೆ: ತೂತು ಬೋರಿನ ಮಟ್ಟದಲ್ಲೇ ಇದೆ, ಇಲ್ಲವೇ ನಾನ್ ರಿಟರ್ನ್ ವಾಲ್ವೇ ನೀರನ್ನು ಹಿಂದಕ್ಕೆ ಬಿಡುತ್ತಿದೆ. ಎರಡನೆಯದಾದರೆ ಕೇಸಿಂಗ್ ಪೈಪಿಗೆ (ಬೋರಿನ ಹೊರಗೋಡೆಯ ಪೈಪಿಗೆ) ಕಿವಿ ಇಟ್ಟಾಗ ಒಳಗೆ ನೀರು ಬೀಳುವ ಸದ್ದು ಕೇಳಬಹುದು.

ನೆಲದ ಮೇಲೆ ಗೆರೆ ಎಳೆದು ಇದನ್ನು ತೋರಿಸುತ್ತಿದ್ದಾಗಲೇ ನೀರುಗಂಟಿ ಎದ್ದು ನಿಂತರು. "ಐದು ಮೀಟ್ರು ಏರು ಅಂದ್ರೆ ಊರ ಬಾಗ್ಲು. ಹಳೇ ತೊಂಬೆ ಹತ್ರಾನೇ ಇರ್ಬೇಕು ಸಾ."

ಮನೆಮನೆಗೆ ನಲ್ಲಿ ಬರುವ ಮೊದಲು ಊರಿನವರು ನೀರು ಹಿಡಿಯುತ್ತಿದ್ದ ತೊಂಬೆ ಅದು. ಈಗ ತಳ ಬಿರುಕು ಬಿಟ್ಟಿದೆ, ಒಳಗೆ ಪ್ಲಾಸ್ಟಿಕ್ ಕಸ. ಆದರೆ ಅದರ ಹಿಂದೆ ಕೆಸುವಿನ ಎಲೆ ಮೊರದಗಲ ಬೆಳೆದಿತ್ತು. ಬಯಲುಸೀಮೆಯ ಏಪ್ರಿಲ್‌ನಲ್ಲಿ ಕೆಸು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡಡಿ ಅಗೆದಾಗ ಮುಖ್ಯ ಪೈಪಿಗೆ ಹಾಕಿದ್ದ ಹಳೇ ಟೀ ಸಿಕ್ಕಿತು. ಅದರ ಒಂದಿಂಚಿನ ವಾಲ್ವ್ ತುಕ್ಕು ತಿಂದು ಬಾಯಿ ಬಿಟ್ಟಿತ್ತು. ಬರುವ ನೀರು ಕಲ್ಲು ಚಪ್ಪಡಿಯ ಅಡಿಯಿಂದ ನೇರ ಚರಂಡಿಗೆ. ಚರಂಡಿಯಲ್ಲಿ ನೀರು ಹರಿಯುವುದು ಯಾರಿಗೂ ವಿಶೇಷ ಅನಿಸಿರಲಿಲ್ಲ, ಅಷ್ಟೇ.

ತೊಂಬೆ ತೆಗೆದುಹಾಕುವಾಗ ಅದಕ್ಕೆ ಬರುವ ಪೈಪನ್ನು ಮುಖ್ಯ ಪೈಪಿನ ಹತ್ತಿರವೇ ಬಂದ್ ಮಾಡಬೇಕು. ತುದಿಯಲ್ಲಿ ಒಂದು ಮರದ ಬಿರಡೆ ಬಡಿದು ಹೋಗುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ನಿಮ್ಮ ಊರಲ್ಲಿ ಹಳೇ ತೊಂಬೆ, ಹಳೇ ಬೀದಿ ನಲ್ಲಿ, ದನದ ತೊಟ್ಟಿ ಎಲ್ಲೆಲ್ಲಿ ಇದ್ದವು ಅಂತ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಸೋರಿಕೆ ಹುಡುಕಲು ಅದಕ್ಕಿಂತ ಒಳ್ಳೆ ನಕ್ಷೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಗೇಜು ಇಲ್ಲದಿದ್ದರೆ ಹಾರೆ ಸಾಕು. ಬೆಳಗಿನ ಜಾವ ಮೋಟಾರ್ ಓಡುತ್ತಿರುವಾಗ ಹಾರೆಯ ಒಂದು ತುದಿಯನ್ನು ವಾಲ್ವಿನ ಮೇಲೋ ಪೈಪು ಹೋಗುವ ನೆಲದ ಮೇಲೋ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಡಿ. ಸೋರಿಕೆ ಹತ್ತಿರವಿದ್ದರೆ ಕುಕ್ಕರ್ ಸಣ್ಣಗೆ ಉಸಿರು ಬಿಟ್ಟಂತೆ ಸದ್ದು ಕೇಳುತ್ತದೆ. ಕಬ್ಬಿಣದ ಪೈಪಿನಲ್ಲಿ ದೂರದವರೆಗೂ ಕೇಳುತ್ತದೆ. ಪಿವಿಸಿ, ಎಚ್‌ಡಿಪಿಇಯಂಥ ಪ್ಲಾಸ್ಟಿಕ್ ಪೈಪಿನಲ್ಲಿ ತೀರಾ ಹತ್ತಿರ ಹೋದರೆ ಮಾತ್ರ.

ಬೋರಿನ ಬಾಯಲ್ಲೇ ನೀರು ಕಡಿಮೆಯಿದ್ದರೆ

ಡ್ರಮ್ ಪರೀಕ್ಷೆಯಲ್ಲೇ ನೀರು ಕಡಿಮೆ ಬಂದರೆ ಪ್ಯಾನಲ್ ಬೋರ್ಡ್ ಮುಂದೆ ನಿಲ್ಲಿ. ಮುಟ್ಟಬೇಡಿ, ಓದಿ. ಮೂರು ಫೇಸಿನ ವೋಲ್ಟೇಜು 415ರ ಆಸುಪಾಸಿನಲ್ಲಿ ಇರಬೇಕು. 390ಕ್ಕಿಂತ ಕೆಳಗೆ ಹೋದರೆ, ಅಥವಾ ಒಂದು ಫೇಸು ಉಳಿದೆರಡಕ್ಕಿಂತ ತೀರಾ ಕಡಿಮೆ ಇದ್ದರೆ ದೋಷ ಕರೆಂಟಿನದು. ಲೈನ್‌ಮನ್‌ಗೆ ಹೇಳಿ, ಮೋಟಾರ್ ಓಡಿಸಬೇಡಿ. ಒಂದು ಫೇಸು ಹೋದಾಗ ಮೋಟಾರ್ ನಿಲ್ಲಿಸಲೆಂದೇ ಸಿಂಗಲ್ ಫೇಸ್ ಪ್ರಿವೆಂಟರ್ ಇರುವುದು. ಅದು ಪದೇ ಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸಿದ ಊರಿನಲ್ಲಿ ಮೋಟಾರ್ ಸುಟ್ಟರೆ ಆಶ್ಚರ್ಯ ಏನಿದೆ?

ಆಮೇಲೆ ಆಂಪಿಯರ್. ಸಬ್‌ಮರ್ಸಿಬಲ್ ಮೋಟಾರ್ ಒಂದು ಎಚ್‌ಪಿಗೆ ಒಂದೂವರೆಯಿಂದ ಎರಡು ಆಂಪಿಯರ್ ಎಳೆಯುತ್ತದೆ. ಸರಿಯಾದ ಅಂಕಿ ನೇಮ್‌ಪ್ಲೇಟಿನಲ್ಲಿ ಇರುತ್ತದೆ, ಮೋಟಾರ್ ಇಳಿಸುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಕತೆಯ ಊರಲ್ಲಿ 13 ಇತ್ತು, ಮೂರೂ ಫೇಸು ಸಮ. ಡ್ರಮ್ ಅಳತೆಗೂ ಮುಂಚೆ ಮೋಟಾರ್ ಮೇಲಿನ ಅನುಮಾನ ಅಲ್ಲೇ ಅರ್ಧ ಹೋಗಿತ್ತು.

ಆಂಪಿಯರ್ ಜಾಸ್ತಿ, ನೀರು ಕಡಿಮೆ: ಬೇರಿಂಗು ಹಿಡಿದಿದೆ, ಮರಳು ಸೇರಿದೆ ಅಥವಾ ವೋಲ್ಟೇಜು ಕಡಿಮೆ. ಆಂಪಿಯರೂ ಕಡಿಮೆ, ನೀರೂ ಕಡಿಮೆ: ಬೋರಿನಲ್ಲಿ ನೀರಿಲ್ಲ, ಇಲ್ಲವೇ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿದೆ. ಮುಳ್ಳು ಏರುತ್ತಾ ಇಳಿಯುತ್ತಾ ಇದ್ದರೆ, ನೀರು ಕೆಮ್ಮುತ್ತಾ ಬಂದರೆ, ಪಂಪು ಗಾಳಿ ಎಳೆಯುತ್ತಿದೆ. ಆಂಪಿಯರ್ ಸರಿಯಾಗಿದೆ, ಸದ್ದೂ ಇದೆ, ನೀರು ಮಾತ್ರ ಸಣ್ಣ ಧಾರೆ: ಟ್ರಾನ್ಸ್‌ಫಾರ್ಮರ್ ಕೆಲಸ ಆದ ಮೇಲೆ ಹೀಗಾಗಿದ್ದರೆ ಪಂಪು ಉಲ್ಟಾ ತಿರುಗುತ್ತಿದೆ ಅಂತ ಅನುಮಾನಿಸಿ. ಫೇಸು ಅದಲುಬದಲಾದರೆ ಮೂರು ಫೇಸಿನ ಮೋಟಾರ್ ಹಿಂದಕ್ಕೆ ತಿರುಗುತ್ತದೆ. ಯಾವುದಾದರೂ ಎರಡು ವೈರು ಬದಲಾಯಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಎಲೆಕ್ಟ್ರಿಷಿಯನ್ ಮಾಡಲಿ. ಪಂಪ್‌ಹೌಸಿನ ನೆಲ ಯಾವಾಗಲೂ ಒದ್ದೆ ಅನ್ನುವುದು ನೆನಪಿರಲಿ.

ಪಂಪಿನಿಂದ ನೀರು ಮೇಲೆ ತರುವ ಕೋಲಂ ಪೈಪು ತೂತಾಗಿರುವುದೂ ಉಂಟು. ಮೋಟಾರ್ ಹಾಕಿದ ಮೇಲೆ ನೀರು ಬಾಯಿಗೆ ಬರಲು ಮೊದಲಿಗಿಂತ ತುಂಬಾ ಹೊತ್ತು ಹಿಡಿಯುತ್ತದೆ. ಓಡುತ್ತಿರುವಾಗ ಕೇಸಿಂಗಿಗೆ ಕಿವಿ ಇಟ್ಟರೆ ಒಳಗೆ ಮಳೆ ಸುರಿದಂತೆ ಕೇಳುತ್ತದೆ. ಇದಕ್ಕೆ ಎತ್ತಲೇಬೇಕು. ಎತ್ತಿದಾಗ ಪೈಪುಗಳ ಜೋಡಣೆಯನ್ನೆಲ್ಲ ನೋಡಿ, ಒಂದನ್ನೇ ಬದಲಾಯಿಸಿ ಇಳಿಸಬೇಡಿ. ಒಂದು ತುಕ್ಕು ಹಿಡಿದಿದ್ದರೆ ಅದರ ಅಣ್ಣತಮ್ಮಂದಿರೂ ಹಾಗೇ ಇರುತ್ತಾರೆ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಬಂದು ಆಮೇಲೆ ಕೆಮ್ಮುವ ಬೋರು ಬೇರೆ ಜಾತಿ. ಅದಕ್ಕೆ ರೋಗವಿಲ್ಲ, ಆಯಾಸ. ಬಂಡೆಯ ಸಂದಿನಿಂದ ನೀರು ಒಸರುವುದಕ್ಕಿಂತ ಜೋರಾಗಿ ನಾವು ಎಳೆಯುತ್ತಿದ್ದೇವೆ. ದೊಡ್ಡ ಮೋಟಾರ್ ಬಿಟ್ಟರೆ ಹದಿನೈದು ನಿಮಿಷಕ್ಕೇ ಕೆಮ್ಮುತ್ತದೆ. ಟೈಮರ್ ಹಾಕಿ, ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಆ ಬೋರೇ ಹೇಳುತ್ತದೆ. ಒಂದು ವಾರ ಬೇರೆ ಬೇರೆ ಹೊತ್ತು ಬಿಟ್ಟು ನೋಡಿ, ದಿನದ ಕೊನೆಗೆ ಯಾವ ದಿನ ಟ್ಯಾಂಕಿನಲ್ಲಿ ಹೆಚ್ಚು ಸೆಂಟಿಮೀಟರ್ ಇತ್ತೋ ಅದೇ ಸರಿ. ನೀರಿಲ್ಲದಾಗ ಮೋಟಾರ್ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಇಲ್ಲದೆ ಇಂಥ ಬೋರನ್ನು ಬಿಟ್ಟು ಮನೆಗೆ ಹೋಗಬೇಡಿ.

ಟ್ಯಾಂಕ್ ತುಂಬಿದೆ, ಕೊನೆ ಬೀದಿಗೆ ನೀರಿಲ್ಲ

ಇಲ್ಲಿ ಲೆವೆಲ್ ಪೈಪು ತೆಗೆಯಿರಿ. ನೀರು ಬಿಟ್ಟಿರುವ ಹೊತ್ತಿನಲ್ಲಿ ಅದರ ಒಂದು ತುದಿಯನ್ನು ನಲ್ಲಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕೋಲಿಗೆ ಸಿಕ್ಕಿಸಿ ಮೇಲಕ್ಕೆ ಹಿಡಿದು ನಲ್ಲಿ ತೆರೆಯಿರಿ. ನೀರು ಪೈಪಿನಲ್ಲಿ ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೋ ಅದೇ ಆ ಮನೆಯ ಪ್ರೆಶರ್. ಟ್ಯಾಂಕಿನ ಹತ್ತಿರದ ಮನೆಯಲ್ಲಿ ನೀರು ಪೈಪಿನ ಮೇಲಿನ ಬಾಯಿಂದ ಉಕ್ಕಿ ನಿಮ್ಮ ತಲೆ ಮೇಲೆ ಸುರಿಯುತ್ತದೆ, ಹುಷಾರು. ಮನೆಯಿಂದ ಮನೆಗೆ ಹೋಗುತ್ತಾ ಅಳೆಯಿರಿ. ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದದ್ದು ಎರಡು ಮನೆಗಳ ನಡುವೆ ದಿಢೀರನೆ ಕುಸಿದರೆ ಕಾರಣ ಆ ಎರಡು ಮನೆಗಳ ನಡುವೆಯೇ ಇದೆ. ಬೀದಿಯೆಲ್ಲ ಅಗೆಯುವುದು ತಪ್ಪಿತು.

ಏನಿರಬಹುದು? ಬಹಳ ಸಲ ಅರ್ಧ ಮುಚ್ಚಿದ ಗೇಟ್‌ವಾಲ್ವ್. ತಿರುಗಿಸಿದರೆ ತಿರುಗುತ್ತದೆ, ಆದರೆ ಒಳಗೆ ಕಡ್ಡಿಯಿಂದ ಗೇಟು ಕಳಚಿ ಕೆಳಗೆ ಬಿದ್ದಿರುತ್ತದೆ. ಹೊಸದರಲ್ಲಿ ಪೂರ್ತಿ ತೆರೆಯಲು ಎಷ್ಟು ಸುತ್ತು ಬೇಕಿತ್ತು ಅಂತ ಬರೆದಿಟ್ಟುಕೊಂಡಿದ್ದರೆ ಈಗಿನ ಸುತ್ತು ಎಣಿಸಿ ಹೋಲಿಸಬಹುದು. ದಿಣ್ಣೆಯ ಮೇಲೆ ಗಾಳಿ ಕಟ್ಟಿಕೊಂಡಿರಬಹುದು. ಅಲ್ಲಿನ ಒಂದು ನಲ್ಲಿ ಬಿಚ್ಚಿ ಬುಸ್ಸೆಂದು ಗಾಳಿ ಹೋಗುವ ತನಕ ಬಿಡಿ. ಮತ್ತೆ ಮತ್ತೆ ಕಟ್ಟಿದರೆ ಅಲ್ಲೊಂದು ಏರ್ ವಾಲ್ವ್ ಬೇಕು.

ಇಲ್ಲವೇ ಯಾರೋ ನಲ್ಲಿಗೆ ಮೋಟಾರ್ ಹಾಕಿ ನೀರು ಎಳೆಯುತ್ತಿದ್ದಾರೆ. ಯಾರ ಮನೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಹೇಳುವುದಿಲ್ಲ. ನೀರು ಬಿಡುವ ಹೊತ್ತಿನಲ್ಲಿ ಹತ್ತು ನಿಮಿಷ ಊರಿನ ಕರೆಂಟು ತೆಗೆಸಿ, ಕೊನೆ ಮನೆಯಲ್ಲಿ ಲೆವೆಲ್ ಪೈಪು ಹಿಡಿದು ನೋಡಿ. ನೀರು ತಟ್ಟನೆ ಮೇಲೇರಿದರೆ ಉತ್ತರ ಸಿಕ್ಕಿತು, ಯಾರ ಹೆಸರನ್ನೂ ಹೇಳುವ ಹಾಗಿಲ್ಲ. ಆಮೇಲಿನದು ಗ್ರಾಮಸಭೆಯ ಕೆಲಸ, ನೀರುಗಂಟಿಯ ತಲೆಗೆ ಅದನ್ನು ಕಟ್ಟಬೇಡಿ. ನಲ್ಲಿಯನ್ನು ಗುಂಡಿ ತೋಡಿ ಕೆಳಗಿಳಿಸಿಕೊಂಡವರದೂ ಅದೇ ಕತೆ, ಸ್ವಲ್ಪ ಸಾಧು ರೂಪ.

ಇದ್ಯಾವುದೂ ಅಲ್ಲದಿದ್ದರೆ ಪೈಪೇ ಸಣ್ಣದು. 2019ರ ನಂತರ ಜಲ ಜೀವನ್ ಮಿಷನ್‌ನಲ್ಲಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವ ಹೆಸರಿನಲ್ಲಿ, ಹೆಚ್ಚಿನ ಮನೆಗಳಿಗೆ ನಲ್ಲಿ ಬಂತು. ಕೆಲವು ಬೀದಿಗಳಲ್ಲಿ ನಾಲ್ಕು ನಲ್ಲಿಗೆ ಹಾಕಿದ್ದ ಹಳೇ ಪೈಪಿಗೇ ಮೂವತ್ತು ಮನೆ ಸೇರಿಸಿದ್ದಾರೆ. ಅಷ್ಟೇ ನೀರು ಹೋಗಬೇಕಾದಾಗ ಪೈಪಿನ ಅಡ್ಡಗಲ ಅರ್ಧವಾದರೆ ದಾರಿಯಲ್ಲಿ ಕಳೆದುಹೋಗುವ ಪ್ರೆಶರ್ ಸುಮಾರು 30 ಪಟ್ಟು. ಇದನ್ನು ವಾಲ್ವ್ ತಿರುಗಿಸಿ ಸರಿಮಾಡಲಾಗುವುದಿಲ್ಲ. ಬೀದಿಗೊಂದು ಸರದಿ ಮಾಡಿ ಸದ್ಯಕ್ಕೆ ತೂಗಿಸಿ, ಪೈಪು ಬದಲಾಯಿಸಲು ಅರ್ಜಿ ಹಾಕಿ.

ಊರಿನೊಳಗಿನ ಸೋರಿಕೆಗೆ ರಾತ್ರಿ ಪರೀಕ್ಷೆ. ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನ ಮಟ್ಟ ನೋಡಿ, ಊರಿನ ವಾಲ್ವ್ ಒಂದು ಗಂಟೆ ತೆರೆದಿಟ್ಟು ಮತ್ತೆ ನೋಡಿ. ಖಾಲಿ ಪೈಪು ತುಂಬಲು ಮೊದಲ ಕಾಲು ಗಂಟೆ ಲೆಕ್ಕಕ್ಕಿಲ್ಲ. ಆಮೇಲೂ ಗಂಟೆಗೆ 4 ಸೆಂಟಿಮೀಟರ್ ಇಳಿದರೆ ನಮ್ಮ ಟ್ಯಾಂಕಿನಲ್ಲಿ ಅದು ಸುಮಾರು 780 ಲೀಟರ್. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಹೋಗಿ, ಯಾವುದನ್ನು ಮುಚ್ಚಿದಾಗ ಇಳಿಯುವುದು ನಿಲ್ಲುತ್ತದೆ ನೋಡಿ.

ವಾಸನೆ ಬಂದರೆ ಸೋರಿಕೆಯೇ ಅಂದುಕೊಳ್ಳಿ

ಸೋರುವ ಪೈಪಿನಲ್ಲಿ ನೀರು ಹೊರಗೆ ಮಾತ್ರ ಹೋಗುವುದಿಲ್ಲ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಒಳಕ್ಕೆ ಎಳೆದುಕೊಳ್ಳುತ್ತದೆ. ತೂತು ಚರಂಡಿಯಲ್ಲಿದ್ದರೆ ಚರಂಡಿ ನೀರನ್ನೇ ಎಳೆಯುತ್ತದೆ. ನಲ್ಲಿಗೆ ಹಾಕಿದ ಮೋಟಾರ್ ಇದನ್ನು ಇನ್ನೂ ಜೋರಾಗಿ ಮಾಡುತ್ತದೆ. ಬೆಳಗ್ಗೆ ಮೊದಲ ಐದು ನಿಮಿಷ ಮಾತ್ರ ವಾಸನೆ, ಆಮೇಲೆ ಇಲ್ಲ ಅಂದರೆ ಬಹುತೇಕ ಇದೇ ಕಾರಣ. ನಮ್ಮ ಊರಿನ ತೊಂಬೆ ಪಕ್ಕದ ತೂತು ನೀರಿನ ನಷ್ಟಕ್ಕಿಂತ ಈ ಕಾರಣಕ್ಕೆ ನನಗೆ ಹೆದರಿಕೆ ಹುಟ್ಟಿಸಿತ್ತು.

ಕೊನೆ ಮನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕಿಟ್ಟಿನ ಹನಿ ಹಾಕಿದಾಗ ಬರುವ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿದರೆ ಆಯಿತು. ಟ್ಯಾಂಕಿನಲ್ಲಿ ಇದೆ, ಕೊನೆ ಮನೆಯಲ್ಲಿ ಇಲ್ಲ ಅಂದರೆ ದಾರಿಯಲ್ಲಿ ಕೊಳೆ ಸೇರಿ ಅದನ್ನು ತಿಂದಿದೆ. ಎರಡೂ ಕಡೆ ಇಲ್ಲ ಅಂದರೆ ಬ್ಲೀಚಿಂಗ್ ಪೌಡರ್ ಸತ್ತಿದೆ, ಅಥವಾ ಹಾಕಿಲ್ಲ. ಹೊಸ ಪೌಡರಿನಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲದಲ್ಲಿ ಅದು ಬೇಗ ಹಾರಿಹೋಗುತ್ತದೆ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 50,000 ಲೀಟರಿಗೆ ಹೊಸ ಪೌಡರ್ 300 ಗ್ರಾಂ, ಸ್ವಲ್ಪ ಹಳೆಯದು, ನೂರಕ್ಕೆ 25 ಪಾಲಿನದ್ದು, 400 ಗ್ರಾಂ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಬಿಡಿ. ಚೀಲದಿಂದ ನೇರ ಸುರಿದರೆ ಮೊದಲ ಬೀದಿಗೆ ಆಸ್ಪತ್ರೆ ವಾಸನೆ, ಕೊನೆ ಬೀದಿಗೆ ಏನೂ ಇಲ್ಲ.

ನೀರಿಗೆ ಮಲದ ಕೊಳೆ ಸೇರಿದೆಯೇ ಅಂತ ತೋರಿಸುವ ಎಚ್‌ಟುಎಸ್ ಬಾಟಲಿ ಇದ್ದರೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರು ಕುಡಿಯುವಂಥದ್ದಲ್ಲ. ಫ್ಲೋರೈಡಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಕ್ಲೋರಿನ್ನಿಗೆ ಅದು ಬಗ್ಗುವುದಿಲ್ಲ, ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರಿನ ನೀರನ್ನು ಕುಡಿಯಲು ಬಿಡಲೇಬಾರದು.

ಆ ಊರಲ್ಲಿ ಮುಂದೇನಾಯಿತು

ಟೀ ಕಿತ್ತು ಪೈಪು ಜೋಡಿಸಿದೆವು. ಒಂದು ದಿನದ ಕೆಲಸ. ಟ್ಯಾಂಕ್ ತೊಳೆಸಿ, ಪೌಡರ್ ಹಾಕಿ, ಮಾರನೇ ದಿನ ಮತ್ತೆ ಅಳೆದೆವು. ಅರ್ಧ ಗಂಟೆಗೆ 18 ಸೆಂಟಿಮೀಟರ್. ಗಂಟೆಗೆ 7,000 ದಾಟಿತು. ಗೇಜಿನ ಮುಳ್ಳು ಮೋಟಾರ್ ನಿಲ್ಲಿಸಿದ ಮೇಲೆ 2ರಲ್ಲೇ ನಿಂತಿತು. ನೀರುಗಂಟಿ ಈಗ ದಿನಾ ಒಂದು ಗೆರೆ ಬರೆಯುತ್ತಾರೆ: ತಾರೀಕು, ವೋಲ್ಟೇಜು, ಆಂಪಿಯರ್, ಎಷ್ಟು ಗಂಟೆ ಓಡಿತು, ಟ್ಯಾಂಕ್ ಎಷ್ಟು ಸೆಂಟಿಮೀಟರ್ ಏರಿತು. ಶನಿವಾರ ಡ್ರಮ್ ಎಷ್ಟು ಸೆಕೆಂಡು. ಮೊದಲ ಎರಡು ವಾರ ಗೊಣಗಿದರು. ಆಮೇಲೆ ಒಂದು ದಿನ ಆಂಪಿಯರ್ 13ರಿಂದ 15ಕ್ಕೆ ಏರಿದ್ದನ್ನು ಅವರೇ ಕಂಡು ಮೋಟಾರ್ ನಿಲ್ಲಿಸಿ ಫೋನ್ ಮಾಡಿದರು. ವೋಲ್ಟೇಜು ಬಿದ್ದಿತ್ತು, ಅಷ್ಟೇ.

ದಿಣ್ಣೆ ಮೇಲಿನ ಮೂರು ಮನೆಗೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಅಲ್ಲಿ ಲೆವೆಲ್ ಪೈಪಿನಲ್ಲಿ ನೀರು ಒಂದೂವರೆ ಮೀಟರಿಗಿಂತ ಮೇಲೇರುವುದಿಲ್ಲ. ಹಾಗಾಗಿ ಅವರ ವಾಲ್ವನ್ನು ಬೆಳಗ್ಗೆ ಎಲ್ಲರಿಗಿಂತ ಮೊದಲು, ಟ್ಯಾಂಕ್ ತುಂಬಿರುವಾಗಲೇ ತೆರೆಯುತ್ತಾರೆ. ತೊಂಬೆ ಹಿಂದಿನ ಕೆಸು ಮೇ ತಿಂಗಳ ಹೊತ್ತಿಗೆ ಒಣಗಿತು. ಪಕ್ಕದ ಮನೆಯ ಅಜ್ಜಿಗೆ ಸಿಟ್ಟು. ಪತ್ರೊಡೆಗೆ ಅದೇ ಎಲೆ ಕೊಯ್ಯುತ್ತಿದ್ದರಂತೆ. "ನೀರು ನಿಲ್ಸಿದ್ದು ನೀನೇ ತಾನೇ?" ಅಂತ ನನ್ನನ್ನು ನೋಡಿದಾಗಲೆಲ್ಲ ಕೇಳುತ್ತಾರೆ.